ಸ್ಪಷ್ಟನೆ: ಪಾಲಿಮ್ಯಾತ್‌ನಲ್ಲಿ ಸಾವಿರಾರು ಜನ ಇರಲಿಲ್ಲ

‘2009ರಲ್ಲಿ ಸಾವಿರಾರು ಜನಸಾಮಾನ್ಯರು ಆನ್‌ಲೈನ್‌ನಲ್ಲಿ ಸೇರಿ, ಯಾರೂ ಬಿಡಿಸದ ಗಣಿತದ ಸಮಸ್ಯೆ ಬಿಡಿಸಿದರು, ಹಾಗಾಗಿ ಕಲಿಕೆಯ ಚರ್ಚಾ ಗುಂಪು ದೊಡ್ಡದಿದ್ದಷ್ಟೂ ಒಳ್ಳೆಯದು’ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಗಣಿತಜ್ಞ ತಿಮೋತಿ ಗವರ್ಸ್ ಆನ್‌ಲೈನ್‌ನಲ್ಲಿ ಆರಂಭಿಸಿದ, ಪಾಲಿಮ್ಯಾತ್ ಎಂಬ ಆ ಸಾಮೂಹಿಕ ಯೋಜನೆಯಲ್ಲಿ 37 ದಿನ ಸುಮಾರು 800 ಟಿಪ್ಪಣಿ ಬರೆದವರು 27 ಮಂದಿ. ಮುಂಚೂಣಿಯಲ್ಲಿದ್ದವರು ಪಳಗಿದ ಗಣಿತಜ್ಞರು. ಅವರು ಕೈಗೆತ್ತಿಕೊಂಡ ಡೆನ್ಸಿಟಿ ಹೇಲ್ಸ್–ಜ್ಯೂವೆಟ್ ಎಂಬ ಗಣಿತದ ಪ್ರಮೇಯಕ್ಕೆ 1991ರಲ್ಲೇ ರುಜುವಾತು ಇತ್ತು. ಇವರು ಕಂಡುಕೊಂಡದ್ದು ಹೆಚ್ಚು ಸರಳವಾದ ಇನ್ನೊಂದು ದಾರಿ.

ಅಲ್ಲಿ ನಿಜಕ್ಕೂ ಅನುಕರಿಸಬೇಕಾದ್ದು ಅರೆಬೆಂದ ಯೋಚನೆಯನ್ನೂ ಹಂಚಿಕೊಳ್ಳುವ ರೂಢಿ. ಕಲಿಯುವವರ ದೊಡ್ಡ ಗುಂಪಿನಲ್ಲಿ ಒಬ್ಬರು ಪೂರ್ಣ ಉತ್ತರ ಹಾಕಿದೊಡನೆ ಉಳಿದವರು ಯೋಚಿಸುವುದನ್ನೇ ಬಿಟ್ಟುಬಿಡಬಹುದು. ಮೂರು-ನಾಲ್ಕು ಮಂದಿ ಸಾಕು. ಮೊದಲ ಹತ್ತು ನಿಮಿಷ ಪ್ರತಿಯೊಬ್ಬರೂ ತಾವೇ ಪ್ರಯತ್ನಿಸಲಿ. ಆಮೇಲೆ ತಮ್ಮ ಉತ್ತರ ಯಾವ ಸಾಲಿನವರೆಗೆ ಸರಿ, ಎಲ್ಲಿ ಅನುಮಾನ ಎಂಬುದನ್ನಷ್ಟೇ ಬರೆಯಲಿ.