ಭಾಂಡೆದಾಕಿ ಒಲ್ಲೆ ಅಂದ ಅರಿವಿ

ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅಟ್ಟದಿಂದ ಒಂದು ಗಂಟು ಇಳಿಯಿತು. ಹಳೇ ಬೆಡ್‌ಶೀಟಿನಲ್ಲಿ ಕಟ್ಟಿಟ್ಟಿದ್ದು. ಒಳಗೆ ನನ್ನ ಹೊಟ್ಟೆ ಈಗ ಒಪ್ಪದ ಎರಡು ಪ್ಯಾಂಟು, ಮಗಳ ಒಂದನೇ ಕ್ಲಾಸಿನ ಯೂನಿಫಾರ್ಮು, ಬಣ್ಣ ಬಿಟ್ಟ ಚೂಡಿದಾರ, ಮೊಣಕಾಲಿನಲ್ಲಿ ಹರಿದ ಜೀನ್ಸು. ಹರಿದದ್ದೇ ಫ್ಯಾಷನ್ ಅಂತ ಕೊಂಡದ್ದೋ, ಆಮೇಲೆ ಹರಿದದ್ದೋ ನೆನಪಿಲ್ಲ.

"ಏನು ಮಾಡೋದು ಇವನ್ನ?" ಅಂದೆ.

"ಇರ್ಲಿ ಬಿಡ್ರಿ, ಎಲ್ಲ್ಯರ ನೆರಿ ಬಂದಾಗ ಕೊಟ್ರಾತು" ಅಂದಳು ಮನೆಯವಳು.

ಅವಳೇನೂ ಕಲ್ಲು ಮನಸ್ಸಿನವಳಲ್ಲ. ಟಿವಿಯಲ್ಲಿ ಯಾರಾದರೂ ಅತ್ತರೆ ತಾನೂ ಅಳುವವಳು. ಆದರೆ ಆ ಮಾತು ಕೇಳಿ ನಾನು ಏಣಿಯ ಮೇಲೇ ನಿಂತುಬಿಟ್ಟೆ. ನಮ್ಮ ಅಟ್ಟ ಖಾಲಿ ಆಗಬೇಕಾದರೆ ಎಲ್ಲೋ ಒಂದು ಊರು ಮುಳುಗಬೇಕು ಅಂತಾಯಿತಲ್ಲ! ಅವಳಿಗೆ ಹೇಳಿದರೆ ಹಬ್ಬದ ದಿನ ಜಗಳ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅವಳು ಫೇಸ್‌ಬುಕ್ ಬಿಟ್ಟು ಇನ್‌ಸ್ಟಾಗ್ರಾಂಗೆ ಹೋಗಿ ಎರಡು ವರ್ಷವಾಯಿತು.

ನಿಜ ಹೇಳಬೇಕೆಂದರೆ ಈ ವಿಷಯದಲ್ಲಿ ಅವಳಿಗಿಂತ ಹಳೇ ಪಾಪಿ ನಾನು.

2004ರ ಡಿಸೆಂಬರ್ 26. ರವಿವಾರ. ಬೆಳಿಗ್ಗೆ ಆರೂವರೆ ಹೊತ್ತಿಗೆ ಸುಮಾತ್ರಾ ಹತ್ತಿರ ಸಮುದ್ರದ ತಳ ಬಿರಿಯಿತು. 9.1ರ ತೀವ್ರತೆ. ಗದಗಿಗೆ ಹತ್ತಿದ ಬೆಟಗೇರಿಯ ನಮ್ಮ ಮನೆಯಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ನಾವು ಉಪ್ಪಿಟ್ಟು ತಿನ್ನುತ್ತಾ ಕೂತಿದ್ದಾಗ ಆ ಅಲೆ ಬಂಗಾಳ ಕೊಲ್ಲಿಯನ್ನು ವಿಮಾನದ ವೇಗದಲ್ಲಿ ದಾಟುತ್ತಿತ್ತು. ನಡುಸಮುದ್ರದಲ್ಲಿ ಅದರ ಎತ್ತರ ಮೊಣಕಾಲಷ್ಟೇ ಇರುತ್ತದೆ, ದೋಣಿಯ ಕೆಳಗೇ ಹಾದು ಹೋದರೂ ತಿಳಿಯುವುದಿಲ್ಲ. ದಂಡೆ ಹತ್ತಿರ ಬಂದಂತೆ ಮುಂದಿನ ನೀರಿನ ವೇಗ ಇಳಿಯುತ್ತದೆ, ಹಿಂದಿನ ನೀರು ಅದರ ಮೇಲೆ ಏರುತ್ತದೆ. ತಮಿಳುನಾಡಿನ ದಂಡೆ ಮುಟ್ಟೋಕೆ ಅದಕ್ಕೆ ಎರಡು ತಾಸಿನ ಮೇಲೆ ಬೇಕಾಯಿತು. ಎರಡು ತಾಸು! ಗದಗಿನಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ, ಒಂದು ಚಹಾ ಕುಡಿಯುವಷ್ಟು ಹೊತ್ತು. ಆದರೆ ದಂಡೆಯ ಜನರಿಗೆ ಓಡಿ ಅಂತ ಹೇಳುವ ವ್ಯವಸ್ಥೆಯೇ ನಮ್ಮ ದೇಶದಲ್ಲಿ ಆಗ ಇರಲಿಲ್ಲ. ಹೈದರಾಬಾದಿನ ಸುನಾಮಿ ಎಚ್ಚರಿಕೆ ಕೇಂದ್ರ ಶುರುವಾಗಿದ್ದು 2007ರಲ್ಲಿ.

ನಾಗಪಟ್ಟಿಣಂ ಜಿಲ್ಲೆಯೊಂದರಲ್ಲೇ 6,000ಕ್ಕೂ ಹೆಚ್ಚು ಜನ ಹೋದರು. ಕ್ರಿಸ್ಮಸ್‌ಗೆ ಅಂತ ವೇಳಾಂಕಣ್ಣಿಗೆ ಬಂದಿದ್ದ ಯಾತ್ರಿಕರೂ ಅದರಲ್ಲಿದ್ದರು. 14 ದೇಶ ಸೇರಿ 2,20,000ಕ್ಕೂ ಹೆಚ್ಚು. ಈ ಲೆಕ್ಕವೆಲ್ಲ ನಮಗೆ ಗೊತ್ತಾಗಿದ್ದು ಆಮೇಲೆ, ದಿನದಿಂದ ದಿನಕ್ಕೆ ಏರುತ್ತಾ. ಮೊದಲ ದಿನ ಟಿವಿಯವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಸುನಾಮಿ ಎಂಬ ಶಬ್ದವನ್ನೇ ನಮ್ಮ ಓಣಿ ಅವತ್ತು ಮೊದಲ ಸಲ ಕೇಳಿತು. ಅದು ಜಪಾನಿ ಮಾತು, ಬಂದರಿನ ಅಲೆ ಅಂತ ಅರ್ಥ. ನಮ್ಮವ್ವ ಮಾತ್ರ "ಇದೇನ, ಹೆಣ್ಮಕ್ಕಳ ಹೆಸರ ಇದ್ದಂಗ ಐತಿ" ಅಂದಳು. ಆಮೇಲೆ ಎಲೆಕ್ಷನ್ನಿಗೆ, ಸಿನಿಮಾ ಕಲೆಕ್ಷನ್ನಿಗೆ ಎಲ್ಲದಕ್ಕೂ ಆ ಶಬ್ದ ಹಚ್ಚಿದೆವು, ಆ ಮಾತು ಬೇರೆ.

ಎರಡು ಮೂರು ದಿನಕ್ಕೆ ಓಣಿಯ ಹುಡುಗರು ಟೆಂಪೋಗೆ ಬ್ಯಾನರ್ ಕಟ್ಟಿ, ಮೈಕ್ ಹಚ್ಚಿ ಬಂದರು. ನಾನೂ ಅವರಲ್ಲಿ ಒಬ್ಬ. ಗಣಪತಿ ಪಟ್ಟಿ ಎತ್ತಿದ ಅನುಭವ ಇತ್ತಲ್ಲ, ಮನೆ ಮನೆಗೆ ಹೋದೆವು. ದುಡ್ಡು ಕೊಟ್ಟವರು ಕಡಿಮೆ. ಅರಿವಿ, ಅಂದರೆ ಹಳೇ ಬಟ್ಟೆ, ಕೊಡದವರು ಯಾರೂ ಇಲ್ಲ. ಟೆಂಪೋ ಸಾಲದೆ ಲಾರಿ ಹೇಳಿದೆವು.

ನಮ್ಮ ಮನೆಯ ಗಂಟಿನ ಕಥೆ ಸ್ವಲ್ಪ ಹೇಳಬೇಕು. ನಮ್ಮದು ನೇಕಾರರ ಮನೆ. ಹಳೇ ಅರಿವಿಗೆ ಅವ್ವನ ಹತ್ತಿರ ಪಕ್ಕಾ ಲೆಕ್ಕ ಇತ್ತು. ಮೆತ್ತಗಾದ ಕಾಟನ್ ಸೀರೆ ಕೌದಿಗೆ. ಇನ್ನೂ ಗಟ್ಟಿ ಇರೋದು, ಜರಿ ಇರೋದು ಭಾಂಡೆದಾಕಿಗೆ. ಗೊತ್ತಲ್ವಾ, ತಲೆ ಮೇಲೆ ಬುಟ್ಟಿ ಇಟ್ಟುಕೊಂಡು ಹಳೇ ಅರಿವಿ ತಗೊಂಡು ಸ್ಟೀಲ್ ಭಾಂಡೆ ಕೊಡುವವಳು. ಅವಳು ಸುಮ್ನೆ ತಗೊಳ್ಳುವವಳಲ್ಲ. ಒಂದೊಂದನ್ನೂ ಬಿಚ್ಚಿ, ಬೆಳಕಿಗೆ ಹಿಡಿದು, ಸೆರಗು ಎಳೆದು ನೋಡಿ, "ಇದು ಒಲ್ಲೆರಿ ಅಕ್ಕಾರ" ಅಂತ ಪಕ್ಕಕ್ಕೆ ಎಸೆಯುತ್ತಿದ್ದಳು. ಹಾಗೆ ಎಸೆದ ಅರಿವಿಯ ಗುಂಪು ಒಂದು ಮೂಲೆಯಲ್ಲಿ ಬಿದ್ದಿರುತ್ತಿತ್ತು. ಅವತ್ತು ಅದೇ ಗಂಟು ಕಟ್ಟಿತು. ಭಾಂಡೆದಾಕಿ ಒಲ್ಲೆ ಅಂದದ್ದು ನಾಗಪಟ್ಟಿಣಕ್ಕೆ ಹೊರಟಿತು. ಅದರ ಮೇಲೆ ಅಪ್ಪನ ಉಣ್ಣೆ ಕೋಟು ಒಂದನ್ನು ನಾನೇ ಇಟ್ಟೆ. ನುಸಿ ತಿಂದು ತೋಳಿನಲ್ಲಿ ತೂತು ಬಿದ್ದಿತ್ತು. ಬೆವರು ಹರಿಯುವ ಸಮುದ್ರದ ದಂಡೆಗೆ ಉಣ್ಣೆ ಕೋಟು!

ಅಪ್ಪ ಮಗ್ಗದ ಮನೆಯಿಂದ ಎದ್ದು ಬಂದ. ಗಂಟು ನೋಡಿದ. ಏನೂ ಅನ್ನಲಿಲ್ಲ. ಒಳಗೆ ಹೋಗಿ ಹಿಂದಿನ ದಿನ ಇಳಿಸಿದ್ದ ಹೊಸ ಸೀರೆ ಒಂದನ್ನು ತಂದು ಗಂಟಿನ ಮೇಲಿಟ್ಟು ಮತ್ತೆ ಮಗ್ಗಕ್ಕೆ ಹೋಗಿ ಕೂತ. ಲಾಳಿ ಸಪ್ಪಳ ಶುರುವಾದ ಮೇಲೆ ಅವ್ವ ಮೆಲ್ಲಗೆ ಆ ಸೀರೆ ತೆಗೆದು ಟ್ರಂಕಿನಲ್ಲಿಟ್ಟಳು. "ನೂಲಿನ ಸಾಲ ಹಂಗ ಐತಿ" ಅಂದಳು ನನಗೆ. ನಾನೂ ಸುಮ್ಮನಿದ್ದೆ. ಅವಳನ್ನು ದೂರುವ ಮುಖ ನನಗೆ ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ. ಸಾವುಕಾರನ ಬಾಕಿಯ ಸೀರೆ ಅದು.

ಏಳುನೂರು ಕಿಲೋಮೀಟರ್ ದೂರದ ಜನ ನಾವು ಕಳಿಸಿದ ಗಂಟುಗಳನ್ನು ಏನು ಮಾಡಿದರು ಅಂತ ತಿಳಿದದ್ದು ಆಮೇಲೆ. ನಾಗಪಟ್ಟಿಣದ ರಸ್ತೆ ಬದಿಯಲ್ಲಿ ಗುಡ್ಡೆ ಗುಡ್ಡೆ ಹಳೇ ಬಟ್ಟೆ ಬಿದ್ದ ಫೋಟೋಗಳು ಬಂದವು. ಮಳೆಗೆ ನೆನೆದು, ಮಣ್ಣು ಹತ್ತಿ, ಮುಟ್ಟುವವರಿಲ್ಲದೆ. ಆ ಮೀನುಗಾರರು ಭಿಕ್ಷುಕರಲ್ಲ. ಹಿಂದಿನ ದಿನದವರೆಗೆ ದೋಣಿ ಇತ್ತು, ಬಲೆ ಇತ್ತು, ದುಡಿದು ಉಣ್ಣುತ್ತಿದ್ದರು. ಹೋದದ್ದು ದೋಣಿ, ಬಲೆ, ಮನೆ, ಮಕ್ಕಳು. ಅವರಿಗೆ ನಾವು ಹುಕ್ಕಿಲ್ಲದ ಫ್ರಾಕು ಕಳಿಸಿದ್ದೆವು. ದಿಲ್ಲಿಯ ಗೂಂಜ್ ಸಂಸ್ಥೆಯವರು ಹೀಗೆ ಉಳಿದ ಲಕ್ಷಗಟ್ಟಲೆ ಬಟ್ಟೆ ಒಯ್ದು ವಿಂಗಡಿಸಿ ಬೇರೆ ಬೇರೆ ಕೆಲಸಕ್ಕೆ ಹಚ್ಚಿದರು. ಹಾಗಾಗಿ ಹಳೇ ಬಟ್ಟೆ ಯಾರಿಗೂ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಒಗೆದು, ಆರಿಸಿ, ಬೇಕಾದವರನ್ನು ಹುಡುಕಿ ಮುಟ್ಟಿಸುವುದು ವರ್ಷಪೂರ್ತಿಯ ಕೆಲಸ. ಅದು ಮೈಕ್ ಹಚ್ಚಿಕೊಂಡು ಮಾಡುವ ಕೆಲಸವಲ್ಲ.

ಈಗ 2011ಕ್ಕೆ ಬರೋಣ. ನನಗೆ ಬುದ್ಧಿ ಬಂದದ್ದು ಇಲ್ಲಿ.

ಮಾರ್ಚ್ 11, ಶುಕ್ರವಾರ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 11.16. ಜಪಾನಿನ ಈಶಾನ್ಯ ಕರಾವಳಿಯಲ್ಲಿ 9.0ರ ಭೂಕಂಪ. ನಾನು ಹುಬ್ಬಳ್ಳಿಯಲ್ಲಿದ್ದೆ, ಕೆಲಸಕ್ಕೆ ಸೇರಿ ಸ್ವಲ್ಪ ದಿನವಾಗಿತ್ತು. ಮಧ್ಯಾಹ್ನ ಖಾನಾವಳಿಯಲ್ಲಿ ಟಿವಿ ಹಚ್ಚಿತ್ತು. ಹೆಲಿಕಾಪ್ಟರಿನಿಂದ ತೆಗೆದ ಚಿತ್ರ. ಸಾಲು ಸಾಲು ಗದ್ದೆಯ ಮೇಲೆ ಕಪ್ಪು ನೀರು ಹರಿದು ಬರುತ್ತಿದೆ, ಅದರ ಮೇಲೆ ಮನೆಗಳು ತೇಲುತ್ತಿವೆ, ಕೆಲವಕ್ಕೆ ಬೆಂಕಿ ಹತ್ತಿದೆ. ರಸ್ತೆಯಲ್ಲಿ ಕಾರುಗಳು ಓಡುತ್ತಿವೆ. ಆ ಕಾರಿನವರಿಗೆ ನೀರು ಕಾಣುತ್ತಿಲ್ಲ, ರೊಟ್ಟಿ ಮುರಿಯುತ್ತಾ ಕೂತ ನಮಗೆ ಕಾಣುತ್ತಿದೆ. ಇಡೀ ಖಾನಾವಳಿ ಸುಮ್ಮನಾಗಿತ್ತು. ಬಡಿಸುವ ಹುಡುಗ ಬದನೆಕಾಯಿ ಪಲ್ಯದ ಬಕೆಟ್ ಹಿಡಿದುಕೊಂಡೇ ನಿಂತಿದ್ದ. ಯಾರೋ ಒಬ್ಬರು "ತಿರುಗಸೋ, ಗಾಡಿ ತಿರುಗಸೋ" ಅಂತ ಟಿವಿಗೆ ಹೇಳಿದರು.

ಸುಮಾರು 15,900 ಜನ ಸತ್ತರು. 2,500ರಷ್ಟು ಜನ ಇನ್ನೂ ಸಿಕ್ಕಿಲ್ಲ. ಮನೆ ಬಿಟ್ಟು ಶಾಲೆಗಳಲ್ಲಿ, ಜಿಮ್‌ಗಳಲ್ಲಿ ಮಲಗಿದವರು ಒಂದು ಹಂತದಲ್ಲಿ ನಾಲ್ಕೂವರೆ ಲಕ್ಷ ದಾಟಿದ್ದರು. ಅವತ್ತು ಅಲ್ಲಿ ಹಿಮ ಬೀಳುತ್ತಿತ್ತು. ಕರೆಂಟಿಲ್ಲ, ಒದ್ದೆ ಬಟ್ಟೆ, ವಯಸ್ಸಾದವರು.

ನಮ್ಮ ಓಣಿಯಲ್ಲಿ ಒಂದೇ ಒಂದು ಗಂಟು ಕಟ್ಟಲಿಲ್ಲ. ಟೆಂಪೋ ಇಲ್ಲ, ಮೈಕಿಲ್ಲ. ಯಾರಿಗೂ ಹೊಳೆಯಲೂ ಇಲ್ಲ. ನಾನು ಒಂದಿಬ್ಬರ ಹತ್ತಿರ ಹಾಗೇ ಮಾತು ತೆಗೆದೆ. "ಜಪಾನಿನವರಿಗೆ ನಮ್ಮ ಹಳೇ ಅರಿವಿ ಕಳಸ್ತೀಯೇನಪಾ?" ಅಂತ ನಕ್ಕರು. ದೂರ ಅಂತ ನಗಲಿಲ್ಲ ಅವರು. ಜಪಾನಿನವರು ಅಂತ ನಕ್ಕರು.

ಲೆಕ್ಕ ಹಾಕಿ ನೋಡಿ. ಉಣ್ಣೆ ಕೋಟು ನಿಜಕ್ಕೂ ಬೇಕಾಗಿದ್ದು ಆ ಹಿಮದಲ್ಲಿ. ನಾವು ಅದನ್ನು ಕಳಿಸಿದ್ದು ನಾಗಪಟ್ಟಿಣಕ್ಕೆ. ಅಂದರೆ ಹಳೇ ಅರಿವಿ ಬೇಕಾದವರಿಗೆ ಹೋಗುವುದಿಲ್ಲ, ನಾವು ನಮಗಿಂತ ಕೆಳಗೆ ಅಂದುಕೊಂಡವರಿಗೆ ಹೋಗುತ್ತದೆ. ನಮ್ಮ ಸರಕಾರ ಜಪಾನಿಗೆ ಕಂಬಳಿ ಕಳಿಸಿತು, 46 ಜನರ ಎನ್‌ಡಿಆರ್‌ಎಫ್ (ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ) ತಂಡವನ್ನು ಒನಗಾವಾ ಊರಿಗೆ ಕಳಿಸಿತು. ಅವರು ಕೆಸರಿನಲ್ಲಿ ಹೆಣ ಹುಡುಕಿದರು. ಅದಕ್ಕೆ ಯಾರೂ ನಗಲಿಲ್ಲ.

ಜಪಾನಿನವರಿಗೂ ಈ ಗಂಟಿನ ಕಾಟ ಗೊತ್ತು. 1993ರಲ್ಲಿ ಒಕುಶಿರಿ ದ್ವೀಪಕ್ಕೆ ಸುನಾಮಿ ಬಡಿಯಿತು. ಸುಮಾರು 5,000 ಜನರಿದ್ದ ದ್ವೀಪ. ಅಲ್ಲಿಗೆ ಬಂದ ಸಾಮಾನು ಸುಮಾರು 5,000 ಟನ್, ತಲೆಗೊಂದು ಟನ್. ಇಡೋಕೆ ಜಾಗವಿಲ್ಲದೆ ಗೋದಾಮು ಕಟ್ಟಿಸಿದರು. ಆಮೇಲೆ ಕೆಟ್ಟದ್ದನ್ನು ವಿಲೇವಾರಿ ಮಾಡೋಕೆ ಮತ್ತೆ ದುಡ್ಡು ಸುರಿದರು. ಇದಕ್ಕೆ ಅಲ್ಲಿ 'ಎರಡನೇ ವಿಪತ್ತು' ಅನ್ನುತ್ತಾರೆ.

ಎರಡನೇ ವಿಪತ್ತು ನಮ್ಮ ಚಿಗವ್ವನ ಮನೆಗೂ ಬಂತು. 2019ರ ಆಗಸ್ಟ್. ಅವಳಿರುವುದು ನರಗುಂದ ತಾಲ್ಲೂಕಿನ ಕೊಣ್ಣೂರಿನಲ್ಲಿ, ಮಲಪ್ರಭೆಯ ದಂಡೆ. ನವಿಲುತೀರ್ಥದ ಡ್ಯಾಮಿನಿಂದ ನೀರು ಬಿಟ್ಟ ಮೇಲೆ ಊರೊಳಗೇ ಹೊಳೆ ಹೊಕ್ಕಿತು. ಚಿಗವ್ವನ ಮೇಲ್ಮುದ್ದೆ ಮನೆಯ ಒಂದು ಗೋಡೆ ಕುಸಿದು, ಜೋಳದ ಚೀಲ ನೀರಲ್ಲಿ ಉಬ್ಬಿ ಒಡೆದವು. ಉಟ್ಟ ಸೀರೆಯಲ್ಲೇ ಹೊರಗೆ ಬಂದಿದ್ದಳು.

ನಾನು ಹೋಗಿ ಮುಟ್ಟುವಷ್ಟರಲ್ಲಿ ಎರಡು ತರದ ಸಾಮಾನು ಬಂದಿತ್ತು. ಸುತ್ತಲಿನ ಊರುಗಳಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಚೀಲಗಟ್ಟಲೆ. ಹದಿನೈದು ದಿನ ಇಟ್ಟರೂ ಕೆಡದ ಊಟ, ಒಲೆ ಹಚ್ಚುವುದೂ ಬೇಡ. ಕಳಿಸಿದವರು ಏನು ತಿನ್ನುತ್ತಾರೋ ಅದನ್ನೇ ಕಳಿಸಿದ್ದರು. ಮತ್ತೊಂದು, ದೂರದ ದೊಡ್ಡ ಊರುಗಳಿಂದ ಬಂದ ಗಂಟುಗಳು. ಚಿಗವ್ವನ ಪಾಲಿಗೆ ಬಂದದ್ದನ್ನು ಅವಳು ನನ್ನೆದುರಿಗೇ ಬಿಚ್ಚಿದಳು. ಡಾಂಬರು ಗುಳಿಗೆಯ ವಾಸನೆ ಗಪ್ ಅಂತ ಮೂಗಿಗೆ ಬಡಿಯಿತು. ಯಾವುದೋ ಶಾಲೆಯ ಟೈ. ಒಂದು ಕಾಲಿನ ಸಾಕ್ಸು. ಎರಡು ಸೀರೆ, ಅದಕ್ಕೆ ಪರಕರವೂ ಇಲ್ಲ, ಕುಬಸವೂ ಇಲ್ಲ. ತಳದಲ್ಲಿ ಚಮಕಿ ಉದುರಿದ ಕೆಂಪು ಘಾಗ್ರಾ.

ಚಿಗವ್ವ ಘಾಗ್ರಾ ಎತ್ತಿ ಸೊಂಟಕ್ಕೆ ಹಿಡಿದು ನೋಡಿದಳು. "ಇದನ್ನ ಹಾಕ್ಕೊಂಡು ಕುಣೀಲೇನ ತಮ್ಮಾ, ಮನಿ ಬಿದ್ದದ್ದಕ್ಕ?"

ಅಲ್ಲಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗುತ್ತಾ ನಗುತ್ತಾ ಅಪ್ಪನ ಕೋಟು ನೆನಪಾಯಿತು. ಹದಿನೈದು ವರ್ಷದ ಹಿಂದೆ ಅದನ್ನು ಎತ್ತಿ ಹಿಡಿದು ನಾಗಪಟ್ಟಿಣದ ಯಾವ ಅಮ್ಮ ಏನು ಅಂದಳೋ, ಅಕ್ಕಪಕ್ಕದಲ್ಲಿ ನಗುವವರಾದರೂ ಉಳಿದಿದ್ದರೋ ಇಲ್ಲವೋ.

"ನಿನಗೇನು ಬೇಕು ಹೇಳು" ಅಂದೆ. ಸುತ್ತ ಗಂಡಸರಿದ್ದರು, ಅವಳು ಹೇಳಲಿಲ್ಲ. ರಾತ್ರಿ ಫೋನಿನಲ್ಲಿ ಹೇಳಿದಳು. ಪರಕರ ಬೇಕು, ಒಳಗಿನ ಅರಿವಿ ಬೇಕು, ಸೊಸೆಗೆ ಪ್ಯಾಡ್ ಬೇಕು. ಇನ್ನೊಂದು, ಗೋಡೆ ಕಟ್ಟೋಕೆ ದುಡ್ಡು. ಇದರಲ್ಲಿ ಯಾವುದೂ ಯಾವ ಗಂಟಿನಲ್ಲೂ ಬಂದಿರಲಿಲ್ಲ.

ದುಡ್ಡು ಕೊಡಿ ಅಂತ ಹೇಳಿದರೆ ತಕ್ಷಣ ಬರುವ ಮಾತು ನನಗೂ ಗೊತ್ತು. ಮಧ್ಯದಲ್ಲಿ ತಿಂತಾರೆ. ಹೌದು, ತಿನ್ನುವವರು ಇದ್ದಾರೆ. ಆದರೆ ಹಳೇ ಪ್ಯಾಂಟನ್ನು ಯಾರೂ ತಿನ್ನುವುದಿಲ್ಲ ಎಂಬುದು ಅದನ್ನು ಕಳಿಸಲು ಕಾರಣವಾಗಬಾರದಲ್ವಾ? ಬ್ಯಾಂಕಿನಲ್ಲಿ ಸಾಲ ತೆಗೆಯುವಾಗ ಹತ್ತು ಕಡೆ ವಿಚಾರಿಸುವ ನಾವು ಐನೂರು ರೂಪಾಯಿ ಕೊಡುವ ಮೊದಲು ಎರಡು ಕಡೆ ವಿಚಾರಿಸಬಹುದು. ಅಲ್ಲಿ ಪರಿಚಯದವರಿದ್ದರೆ ಅವರ ಕೈಗೇ ಕೊಡಬಹುದು. ದೂರ ಕೂತವರಿಗೆ ಅಲ್ಲಿ ಏನು ಬೇಕು ಅಂತ ಗೊತ್ತಿರುವುದಿಲ್ಲ, ಅದು ತಪ್ಪೇನಲ್ಲ. ಕೇಳದೇ ಇರುವುದು ತಪ್ಪು. ಕೇಳೋಕಾಗದಷ್ಟು ದೂರ ಇದ್ದರೆ ದುಡ್ಡು ಕೊಟ್ಟು ಸುಮ್ಮನಿರಬೇಕು. ಕೊಡೋಕಾಗದಿದ್ದರೆ ಟಿವಿ ನೋಡಿ ಹೊಟ್ಟೆ ಉರಿಸಿಕೊಂಡು ಸುಮ್ಮನಿದ್ದರೂ ನಡೆಯುತ್ತದೆ. ಅವ್ವ ಆ ಸೀರೆ ತೆಗೆದಿಟ್ಟದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಮಿಕ್ಕದ್ದನ್ನು ಕಳಿಸಿದೆವಲ್ಲ, ಕಳಿಸಿ ಬ್ಯಾನರಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವಲ್ಲ, ಅದು ಕಾಣುತ್ತದೆ. ಆ ಫೋಟೋ ಈಗಲೂ ಇದೆ. ಹಿಂದೆ ಲಾರಿಯಲ್ಲಿ ಗಂಟುಗಳ ಗುಡ್ಡ, ಮುಂದೆ ನಾವು ಏಳು ಜನ ಎದೆ ಮುಂದೆ ಮಾಡಿಕೊಂಡು.

ದೀಪಾವಳಿಯ ಗಂಟಿಗೆ ಬರುತ್ತೇನೆ. ಮೊನ್ನೆ ಓಣಿಯಲ್ಲಿ ಭಾಂಡೆದಾಕಿಯ ಕೂಗು ಕೇಳಿಸಿತು. ಈಗ ಅಪರೂಪ ಅವರು ಬರೋದು. ಕರೆದು ಗಂಟು ಬಿಚ್ಚಿದೆ. ಪ್ಯಾಂಟು, ಚೂಡಿದಾರ ಬಿಚ್ಚಿ, ಬೆಳಕಿಗೆ ಹಿಡಿದು, ಎಳೆದು ನೋಡಿ ತಗೊಂಡಳು. ಒಂದು ಸಣ್ಣ ಬೋಗಾಣಿ ಕೊಟ್ಟಳು, ಮುಚ್ಚಳ ಕೇಳಿದ್ದಕ್ಕೆ ಬೈದಳು. ಮಗಳ ಯೂನಿಫಾರ್ಮನ್ನು ಮನೆಯವಳು ಕೊಡಲಿಲ್ಲ, ಇರಲಿ ಅಂತ ಒಳಗಿಟ್ಟಳು. ಜೀನ್ಸನ್ನು ಭಾಂಡೆದಾಕಿ ಎರಡು ಬೆರಳಲ್ಲಿ ಎತ್ತಿ "ಇದು ಒಲ್ಲೆರಿ" ಅಂದಳು.

ಅದರಲ್ಲಿ ಈಗ ಸ್ಕೂಟರ್ ಒರೆಸುತ್ತಿದ್ದೇನೆ.