ಮೂರು ನಕ್ಷತ್ರದ ಫಸ್ಟ್ ಕ್ಲಾಸ್

ಸ್ವಂತ ಖರ್ಚಿನಲ್ಲಿ ಕಾದಂಬರಿ ತಂದ ಹೊಸ ಲೇಖಕರ ವೈಜ್ಞಾನಿಕ ಕಥೆಯ ಮೊದಲ ಪುಟದಲ್ಲಿ ಏನಿರುತ್ತದೆ ಅಂತ ಪುಸ್ತಕ ತೆರೆಯದೆಯೇ ಹೇಳಬಹುದು. ಒಂದು ನಕ್ಷೆ ಇರುತ್ತದೆ. ನಕ್ಷೆ ಇಲ್ಲದಿದ್ದರೆ ಪಾತ್ರಗಳ ಪಟ್ಟಿ. ಅದೂ ಇಲ್ಲದಿದ್ದರೆ ಮುಂದಿನ ನಾನೂರು ವರ್ಷಗಳ ಮನುಕುಲದ ಇತಿಹಾಸ. ಯಾವ ಯುದ್ಧ ಯಾವಾಗ ಆಯಿತು, ಯಾರು ಯಾವ ಗ್ರಹ ಬಿಟ್ಟು ಎಲ್ಲಿಗೆ ಹೋದರು, ಯಾವ ಒಪ್ಪಂದ ಯಾಕೆ ಮುರಿದುಬಿತ್ತು, ಎಲ್ಲ. ಗೃಹಪ್ರವೇಶಕ್ಕೆ ಕರೆದು, ಊಟಕ್ಕೆ ಕೂರಿಸುವ ಮೊದಲು ಸಂಪು, ಮೋಟರು, ಓವರ್‌ಹೆಡ್ ಟ್ಯಾಂಕು ಎಲ್ಲ ತೋರಿಸುವ ಯಜಮಾನರ ಹಾಗೆ. ಪಾಪ, ಕಷ್ಟಪಟ್ಟು ಕಟ್ಟಿಸಿದ್ದಾರೆ. ನೋಡದೆ ಇರೋದು ಹೇಗೆ?

ಮುಖಪುಟದ ಮೂಲೆಯಲ್ಲಿ ಇನ್ನೊಂದು ಸಾಲು ಇರುತ್ತದೆ: ಒಂಬತ್ತು ಸಂಪುಟಗಳ ಮಾಲೆಯಲ್ಲಿ ಮೊದಲನೆಯದು. ಇದನ್ನು ಓದಿದಾಗ ಸ್ವಲ್ಪ ಎದೆ ಹೊಡೆದುಕೊಳ್ಳುತ್ತದೆ.

ಇಂಥ ಪುಸ್ತಕಗಳಿಗೆ ರಿವ್ಯೂ ಬರೆಯುವುದು ನನಗೆ ಹತ್ತಿದ ಚಟ. ಸಂಬಳ ಇಲ್ಲ. ಪುಕ್ಕಟೆ ಒಂದು ಇ-ಬುಕ್ ಬರುತ್ತದೆ, ಜೊತೆಗೆ ಲೇಖಕರದ್ದೊಂದು ಪತ್ರ. ಬಹಳ ವಿನಯದ ಪತ್ರ. 'ನಿಮಗೆ ಬಿಡುವಿದ್ದರೆ, ಇಷ್ಟವಾದರೆ, ಒತ್ತಾಯವೇನಿಲ್ಲ' ಅಂತ ಮೂರು ಸಲ ಬರೆದಿರುತ್ತಾರೆ. ಹೆಚ್ಚಿನವರು ಅಮೆರಿಕ, ಇಂಗ್ಲೆಂಡ್ ಕಡೆಯವರು. ಹಗಲು ಬೇರೇನೋ ಕೆಲಸ, ರಾತ್ರಿ ಅಂತರಿಕ್ಷ.

ನಮ್ಮವರಿಗೆ ಇದರಲ್ಲಿ ಹೊಸದೇನೂ ಕಾಣಬಾರದು. ಪುಸ್ತಕದ ಗಂಟನ್ನು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ಗಳಗನಾಥರ ನಾಡು ನಮ್ಮದು. ಇವತ್ತಿಗೂ ಮಗಳ ಹೆಸರಿನಲ್ಲೊಂದು ಪ್ರಕಾಶನ ಶುರು ಮಾಡಿ, ಅದರಿಂದ ತಮ್ಮದೇ ಕವನ ಸಂಕಲನ ತಂದು, ಮದುವೆ ಮನೆಯಲ್ಲಿ ಹಂಚುವವರು ಎಷ್ಟು ಜನ ಇಲ್ಲ. ಆದರೆ ಇಂಗ್ಲಿಷ್ ಪುಸ್ತಕಲೋಕದಲ್ಲಿ ಮಾತ್ರ ತನ್ನ ಪುಸ್ತಕಕ್ಕೆ ತಾನೇ ದುಡ್ಡು ಹಾಕುವವನು ಅಂದರೆ ಬಹಳ ಕಾಲ ಒಂದು ತಾತ್ಸಾರ ಇತ್ತು. 2007ರಲ್ಲಿ ಇ-ಬುಕ್ ಓದುವ ಅಮೆಜಾನ್‌ನ ಸಾಧನ ಕಿಂಡಲ್ ಬಂತು. ಅಚ್ಚಿನ ಖರ್ಚು ಹೋಯಿತು. ತಾತ್ಸಾರ ಕೂಡ ನಿಧಾನಕ್ಕೆ ಕಡಿಮೆಯಾಯಿತು.

ಅದು ಕಡಿಮೆಯಾಗಿದ್ದರಲ್ಲಿ ವೈಜ್ಞಾನಿಕ ಕಾದಂಬರಿಗಳ ಪಾಲು ದೊಡ್ಡದು. ಆಂಡಿ ವಿಯರ್ 'ದಿ ಮಾರ್ಷಿಯನ್' ಕಥೆಯನ್ನು ಒಂದೊಂದೇ ಅಧ್ಯಾಯವಾಗಿ ತಮ್ಮ ತಾಣದಲ್ಲಿ ಪುಕ್ಕಟೆ ಹಾಕುತ್ತಿದ್ದರು. ಓದುಗರು ಕಿಂಡಲ್‌ನಲ್ಲಿ ಕೊಡಿ ಅಂದಾಗ 2011ರಲ್ಲಿ ಅಲ್ಲಿ ಇಡಬಹುದಾದ ಅತಿ ಕಡಿಮೆ ಬೆಲೆಗೆ, ಅಂದರೆ 99 ಸೆಂಟಿಗೆ, ಇಟ್ಟರು. 2015ರಲ್ಲಿ ಅದು ಹಾಲಿವುಡ್ ಸಿನಿಮಾ. ಅದೇ 2011ರಲ್ಲಿ ಹ್ಯೂ ಹೌವಿ 'ವೂಲ್' ಅನ್ನುವ ಸಣ್ಣ ಕಥೆಯೊಂದನ್ನು ಹಾಕಿ ಸುಮ್ಮನಿದ್ದರು. ಓದಿದವರು ಇನ್ನೂ ಬೇಕು ಅಂತ ಬರೆಯತೊಡಗಿದ ಮೇಲೆ ಅದನ್ನು ಬೆಳೆಸಿದರು. ಬೆಕಿ ಚೇಂಬರ್ಸ್ ತಮ್ಮ ಮೊದಲ ಕಾದಂಬರಿ ಮುಗಿಸಲು 2012ರಲ್ಲಿ ಜನರಿಂದ ಚಂದಾ ಎತ್ತಿದರು. 2014ರಲ್ಲಿ ತಾವೇ ಪ್ರಕಟಿಸಿದರು. ಅದರಿಂದ ಶುರುವಾದ ಮಾಲೆಗೆ 2019ರಲ್ಲಿ ಹ್ಯೂಗೋ ಬಂತು, ವೈಜ್ಞಾನಿಕ ಕಥೆಗಳ ಲೋಕದ ದೊಡ್ಡ ಪ್ರಶಸ್ತಿ.

ಇದರಲ್ಲಿ ನನಗೆ ಪ್ರಶಸ್ತಿ, ಸಿನಿಮಾಗಿಂತ ಹೆಚ್ಚು ಹಿಡಿಸುವುದು ವಿಯರ್ ಕಥೆಯ ಒಂದು ಸಣ್ಣ ಸಂಗತಿ. ಅಧ್ಯಾಯ ಬಂದ ಹಾಗೆ ಓದುತ್ತಿದ್ದವರಲ್ಲಿ ವಿಜ್ಞಾನ ಬಲ್ಲವರು ಬಹಳ ಜನ. ನಿಮ್ಮ ರಸಾಯನಶಾಸ್ತ್ರ ಇಲ್ಲಿ ತಪ್ಪಿದೆ ನೋಡಿ ಅಂತ ಅವರು ಬರೆಯುವುದು, ಇವರು ತಿದ್ದುವುದು. ಪ್ರಕಾಶಕರ ಮನೆಯಲ್ಲಿ ಸಂಪಾದಕ ಬಾಗಿಲು ಹಾಕಿಕೊಂಡು ಮಾಡುವ ಕೆಲಸವನ್ನು ಇಲ್ಲಿ ಬೀದಿಯಲ್ಲಿ ಹೋಗುವವರೆಲ್ಲ ನಿಂತು ಮಾಡಿದರು. (ಕಾದಂಬರಿ ಶುರುವಾಗುವುದೇ ಮಂಗಳ ಗ್ರಹದ ಮೇಲಿನ ಒಂದು ಭಾರೀ ಬಿರುಗಾಳಿಯಿಂದ. ಮಂಗಳನ ಗಾಳಿಯ ಒತ್ತಡ ನಮ್ಮದರ ನೂರನೇ ಒಂದು ಭಾಗಕ್ಕೂ ಕಡಿಮೆ. ಅಲ್ಲಿನ ಬಿರುಗಾಳಿಗೆ ರಾಕೆಟ್ ವಾಲಿಸುವ ಶಕ್ತಿ ಇಲ್ಲ. ಅದು ವಿಯರ್‌ಗೂ ಗೊತ್ತಿತ್ತು. ಕಥೆಗೆ ಬೇಕಿತ್ತು, ಇಟ್ಟುಕೊಂಡರು. ಅಷ್ಟು ಸಲಿಗೆ ಕೊಡೋಣ.)

ಹಾಗಾಗಿ ಇಂಥ ಪುಸ್ತಕಕ್ಕೆ ರಿವ್ಯೂ ಬರೆಯುವುದೂ, ಕಟ್ಟಿ ಒಣಗಿದ ಪುಸ್ತಕಕ್ಕೆ ಬರೆಯುವುದೂ ಒಂದೇ ಅಲ್ಲ. ದೊಡ್ಡ ಹೆಸರಿನವರ ಕಾದಂಬರಿ ಬಗ್ಗೆ ನಾನು ಏನು ಬರೆದರೂ ಅವರ ಒಂದು ಕೂದಲೂ ಕೊಂಕುವುದಿಲ್ಲ. ಇಲ್ಲಿ ಹಾಗಲ್ಲ. ಇಲ್ಲಿ ನನ್ನ ರಿವ್ಯೂ ಓದುವ ಮೊದಲನೆಯವರು ಲೇಖಕರು. ಎರಡನೆಯವರು ಬಹುಶಃ ಅವರ ಮನೆಯವರು. ಗಿರಾಕಿ ಬರುವುದು ಆಮೇಲೆ.

ಒಂದು ಉದಾಹರಣೆ ಹೇಳುತ್ತೇನೆ. ಮಂಗಳನ ಮೇಲಿನ ಗಣಿಯೊಂದರ ಕಾದಂಬರಿ. ಮೊದಲ ಐವತ್ತು ಪುಟ ಸಂಪು, ಮೋಟರು. ಆಮೇಲೆ ನೀರು ಶುದ್ಧ ಮಾಡುವ ಯಂತ್ರ ನೋಡಿಕೊಳ್ಳುವ ಒಬ್ಬ ಮುದುಕಿ ಬರುತ್ತಾಳೆ. ಮೀಟರು ಏನೇ ತೋರಿಸಲಿ, ಅವಳು ಅದನ್ನು ನಂಬುವುದಿಲ್ಲ. ಪೈಪಿಗೆ ಸ್ಪ್ಯಾನರ್‌ನಿಂದ ಎರಡು ಸಲ ತಟ್ಟಿ, ಕಿವಿ ಇಟ್ಟು ಕೇಳುತ್ತಾಳೆ. 'ಮೂರು ದಿನ ತಡೆಯುತ್ತದೆ' ಅನ್ನುತ್ತಾಳೆ. ಹೊಸದಾಗಿ ಬಂದ ಎಂಜಿನಿಯರ್ ಹುಡುಗ ನಗುತ್ತಾನೆ. ಮೂರನೇ ದಿನ ಅವನು ಬಂದು ಅವಳ ಪಕ್ಕ ಕೂತು, ತಾನೂ ಪೈಪಿಗೆ ಕಿವಿ ಇಡುತ್ತಾನೆ. ಎರಡೂವರೆ ಪುಟ ಅಷ್ಟೇ. ಯಾವ ದೊಡ್ಡ ಪ್ರಕಾಶಕರ ಪುಸ್ತಕದಲ್ಲಿದ್ದರೂ ತಲೆದೂಗುವಂಥ ಎರಡೂವರೆ ಪುಟ. ಇಂಥದ್ದೊಂದು ಸಿಗುತ್ತದೆ ಅಂತಲೇ ನಾನು ಮಿಕ್ಕ ನಕ್ಷೆಗಳನ್ನೆಲ್ಲ ಸಹಿಸಿಕೊಳ್ಳುವುದು.

ಮುಂದಿನ ಅಧ್ಯಾಯದಲ್ಲೇ ಫೋಬೋಸ್ ಪೂರ್ವದಲ್ಲಿ ಮೆಲ್ಲಗೆ ಹುಟ್ಟಿತು. ಫೋಬೋಸ್ ಅಂದರೆ ಮಂಗಳನ ಎರಡು ಚಂದ್ರರಲ್ಲಿ ಒಳಗಿನದು. ಅದು 7 ಗಂಟೆ 39 ನಿಮಿಷಕ್ಕೆ ಮಂಗಳನಿಗೆ ಒಂದು ಸುತ್ತು ಹಾಕುತ್ತದೆ. ಮಂಗಳ ತಾನು ಒಮ್ಮೆ ತಿರುಗುವಷ್ಟರಲ್ಲಿ ಇದು ಮೂರು ಸುತ್ತು ಮುಗಿಸಿರುತ್ತದೆ. ನೆಲದಲ್ಲಿ ನಿಂತು ನೋಡುವವರಿಗೆ ಅದು ಹುಟ್ಟುವುದು ಪಶ್ಚಿಮದಲ್ಲಿ, ಮುಳುಗುವುದು ಪೂರ್ವದಲ್ಲಿ. ಮೆಲ್ಲಗಂತೂ ಅಲ್ಲವೇ ಅಲ್ಲ.

ನಾನು ಇದೆಲ್ಲ ಬರೆದು ಮೂರು ನಕ್ಷತ್ರ ಕೊಟ್ಟೆ. ನಮ್ಮ ಲೆಕ್ಕದಲ್ಲಿ ಐದಕ್ಕೆ ಮೂರು ಅಂದರೆ ನೂರಕ್ಕೆ ಅರವತ್ತು. ಅರವತ್ತು ಅಂದರೆ ಫಸ್ಟ್ ಕ್ಲಾಸ್. ಊರಲ್ಲಿ ಪೇಡ ಹಂಚುತ್ತಿದ್ದ ಮಾರ್ಕು. ಎಸ್ಸೆಸ್ಸೆಲ್ಸಿಯಲ್ಲಿ ಮೂವತ್ತೈದು ಬಂದರೂ ಪಾಸು ಅನ್ನುತ್ತಿದ್ದ ನಾಡಿನಲ್ಲಿ ಬೆಳೆದವನಿಗೆ ಎರಡು ನಕ್ಷತ್ರ ಕೂಡ ಅವಮಾನ ಅನಿಸುವುದಿಲ್ಲ. ಆದರೆ ಇಂಗ್ಲಿಷ್ ಪುಸ್ತಕಲೋಕದಲ್ಲಿ ಹಾಗಲ್ಲವಂತೆ. ಅಲ್ಲಿ ಐದು ಅಂದರೆ ಪರವಾಗಿಲ್ಲ, ನಾಲ್ಕು ಅಂದರೆ ಏನೋ ಕೊರತೆ, ಮೂರು ಅಂದರೆ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಆ ಮುದುಕಿಗೆ ಐದು, ಫೋಬೋಸ್‌ಗೆ ಒಂದು, ಮಧ್ಯ ತೆಗೆದರೆ ಮೂರು. ಇದನ್ನು ಹೇಗೆ ವಿವರಿಸುವುದು?

ಲೇಖಕರು ಬೇಜಾರು ಮಾಡಿಕೊಳ್ಳಲಿಲ್ಲ. ಥ್ಯಾಂಕ್ಸ್ ಹೇಳಿ, ಅವತ್ತೇ ರಾತ್ರಿ ತಿದ್ದಿ ಹೊಸ ಫೈಲು ಏರಿಸಿಬಿಟ್ಟರು. ಅಚ್ಚಿನ ಪುಸ್ತಕವಾಗಿದ್ದರೆ ಎರಡನೇ ಮುದ್ರಣಕ್ಕೆ ಕಾಯಬೇಕಿತ್ತು, ಎರಡನೇ ಮುದ್ರಣ ಅಂತ ಒಂದು ಆದರೆ. ಇಲ್ಲಿ ಬೆಳಗಾಗುವಷ್ಟರಲ್ಲಿ ಫೋಬೋಸ್ ಪಶ್ಚಿಮಕ್ಕೆ ಹೋಗಿತ್ತು. ಸ್ವಲ್ಪ ದಿನಕ್ಕೆ ಯಾರೋ ಓದುಗರು ನನ್ನನ್ನೇ ದಬಾಯಿಸಿದರು: ಪುಸ್ತಕದಲ್ಲಿ ಸರಿಯಾಗಿಯೇ ಇದೆಯಲ್ಲ, ಓದದೆ ರಿವ್ಯೂ ಬರೆಯುತ್ತೀರಾ? ಅವರಿಗೆ ಏನಂತ ಉತ್ತರ ಕೊಡಲಿ? ತಪ್ಪು ಇದ್ದ ಪುಸ್ತಕ ಈಗ ನನ್ನ ಬಳಿ ಮಾತ್ರ ಇದೆ.

ಈ ಪುಸ್ತಕಗಳ ರಾಶಿಯಿಂದ ಆರಿಸುವುದಕ್ಕೂ ಒಂದು ವ್ಯವಸ್ಥೆ ಬಂದಿದೆ. ಹೌವಿ ಮತ್ತು ಗೆಳೆಯರು 2021ರಲ್ಲಿ, ಸ್ವಂತ ಪ್ರಕಟಣೆಯ ವೈಜ್ಞಾನಿಕ ಕಾದಂಬರಿಗಳಿಗೇ ಅಂತ ಒಂದು ಸ್ಪರ್ಧೆ ಶುರು ಮಾಡಿದರು. ಮೊದಲ ವರ್ಷ 300 ಪುಸ್ತಕ, ತೀರ್ಪುಗಾರರ 10 ತಂಡ, ತಂಡಕ್ಕೆ 30. ಗೆದ್ದವರಿಗೆ ಬಹುಮಾನ ಒಂದು ಆಟಿಕೆಯಂಥ ರೇ ಗನ್, ಅಂದರೆ ಹಳೆಯ ಅಂತರಿಕ್ಷ ಕಥೆಗಳಲ್ಲಿ ಬರುವ ಕಿರಣ ಹಾರಿಸುವ ಬಂದೂಕು. ಮೊದಲ ಸಲ ಅದು ಎಸ್.ಎ. ಥೋಲಿನ್ ಅವರ 'ಐರನ್ ಟ್ರೂತ್'ಗೆ ಹೋಯಿತು. ಮುನ್ನೂರು ಓದುವುದೇ ದೊಡ್ಡದು ಅಂದುಕೊಂಡಿದ್ದೆವು. ಆಮೇಲೆ ಯಂತ್ರಗಳೇ ಬರೆಯಲು ಶುರು ಮಾಡಿದವು. 2023ರ ಫೆಬ್ರವರಿಯಲ್ಲಿ ವೈಜ್ಞಾನಿಕ ಕಥೆಗಳ 'ಕ್ಲಾರ್ಕ್ಸ್‌ವರ್ಲ್ಡ್' ಪತ್ರಿಕೆ ಎಐ ಬರೆದ ಕಥೆಗಳ ಪ್ರವಾಹ ತಾಳಲಾರದೆ ಕೆಲಕಾಲ ಕಥೆ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆಜಾನ್ ಒಂದು ನಿಯಮ ತಂದಿತು: ಒಬ್ಬರು ದಿನಕ್ಕೆ ಮೂರು ಪುಸ್ತಕಕ್ಕಿಂತ ಜಾಸ್ತಿ ಪ್ರಕಟಿಸುವಂತಿಲ್ಲ. ದಿನಕ್ಕೆ ಮೂರು! ಅನಕೃ ನೂರಕ್ಕೂ ಹೆಚ್ಚು ಕಾದಂಬರಿ ಬರೆದರು ಅಂತ ನಾವು ಮೂಗಿನ ಮೇಲೆ ಬೆರಳಿಡುತ್ತೇವೆ. ಈ ಲೆಕ್ಕದಲ್ಲಿ ಅದು ಒಂದು ತಿಂಗಳು ಚಿಲ್ಲರೆ ದಿನದ ಕೆಲಸ.

ಯಂತ್ರ ಬರೆದದ್ದು ಅಂತ ಗುರುತಿಸುವುದು ನನಗಂತೂ ಅಂಥ ಕಷ್ಟವಾಗಿಲ್ಲ. ಅದರಲ್ಲಿ ಸಂಪು, ಮೋಟರು ಇರುವುದಿಲ್ಲ. ಐವತ್ತು ಪುಟ ನಿಲ್ಲಿಸಿಕೊಂಡು ತೋರಿಸಬೇಕು ಅನ್ನುವ ಹಟ ಇರುವುದಿಲ್ಲ. ಎಲ್ಲೂ ಎಡವುವುದಿಲ್ಲ, ಎಲ್ಲೂ ನಿಲ್ಲುವುದೂ ಇಲ್ಲ. ಓದಿ ಮುಗಿಸಿದ ಮೇಲೆ ಬೈಯಲು ಕೂಡ ಏನೂ ನೆನಪಿರುವುದಿಲ್ಲ.

ನಮ್ಮ ಗಣಿ ಕಾದಂಬರಿಯವರಿಗೆ ಆ ತೊಂದರೆ ಇಲ್ಲ. ಎರಡನೇ ಸಂಪುಟ ತಯಾರಾಗಿದೆ, ಕಳಿಸಲೇ ಅಂತ ಕೇಳಿದ್ದಾರೆ. ಈ ಸಲ ಕಥೆಯಲ್ಲಿ ಮಂಗಳನ ಹೊರಗಿನ ಚಂದ್ರ ಡೀಮೋಸ್ ಬರುತ್ತದಂತೆ. ಅದು ಪೂರ್ವದಲ್ಲೇ ಹುಟ್ಟುತ್ತದೆ, ಆದರೆ ಒಮ್ಮೆ ಹುಟ್ಟಿದರೆ ಮುಳುಗಲು ಹೆಚ್ಚುಕಮ್ಮಿ ಎರಡೂವರೆ ದಿನ ಬೇಕು, ಒಂದೇ ರಾತ್ರಿಯಲ್ಲಿ ಮುಳುಗಿಸಬೇಡಿ ಅಂತ ಮೊದಲೇ ಬರೆದು ಕಳಿಸಿದ್ದೇನೆ. ಮುದುಕಿ ಇದ್ದಾಳೆ ತಾನೆ ಅಂತಲೂ ಕೇಳಿದ್ದೇನೆ. ಅದಕ್ಕಿನ್ನೂ ಉತ್ತರ ಬಂದಿಲ್ಲ.