ದಡ್ಡನೆಂಬ ಸರ್ಟಿಫಿಕೇಟು ಪುಕ್ಕಟೆ

ಎಂಟು ವರ್ಷದ ಹುಡುಗನಿಗೆ ‘ದಡ್ಡ’ ಅನ್ನುವ ಸರ್ಟಿಫಿಕೇಟು ಕೊಡಿಸಲು ಹಾವೇರಿ ಜಿಲ್ಲೆಯಲ್ಲಿ ಯಾರೂ ಓಡಾಡಬೇಕಿಲ್ಲ. ಕನ್ನಡ ಸಾಲಿಯಲ್ಲಿ ಎದ್ದುನಿಂತು ಅರ್ಧ ಪುಟ ತಡವರಿಸಿದರೆ ಆಯಿತು. ಆಧಾರ್ ಬೇಡ, ಫೋಟೋ ಬೇಡ. ‘ಲಕ್ಷ್ಯಾನ ಇಲ್ಲ್ರೀ ಇವಗ’ ಎಂದು ಅಕ್ಕೋರು ಅಂದ ಗಳಿಗೆಯಿಂದ ಜಾರಿ, ಆಜೀವ ಸಿಂಧು.

ಸರಕಾರದ್ದು ಅಷ್ಟು ಸಲೀಸಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆಯೂ, ಅಂದರೆ ಬುದ್ಧಿ ಸರಿಯಿದ್ದೂ ಓದು-ಬರಹ ತೊಡಕಾಗುವುದೂ ಒಂದು. ಸರ್ಟಿಫಿಕೇಟಿಗೆ 2018ರ ಮಾರ್ಗಸೂಚಿ ಹೇಳಿದ್ದಿಷ್ಟು: ಮಕ್ಕಳ ವೈದ್ಯರು ಕಣ್ಣು, ಕಿವಿ ನೋಡಬೇಕು. ಮನಶ್ಶಾಸ್ತ್ರಜ್ಞರು ಐಕ್ಯೂ ಅಳೆದು ನಿಮ್ಹಾನ್ಸ್‌ ಸಿದ್ಧಪಡಿಸಿದ ಪರೀಕ್ಷೆ ಮಾಡಬೇಕು. 8ನೇ ವಯಸ್ಸಿಗೆ ಒಮ್ಮೆ, 14ಕ್ಕೆ ಮತ್ತೆ, 18ಕ್ಕೆ ಕಡೆಯ ಸಲ. ಅಪ್ಪ ಕೂಲಿ ಬಿಟ್ಟು ಧಾರವಾಡದ ಬಸ್ಸು ಹತ್ತುವುದು ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ. ಮೂರನೇ ಇಯತ್ತೆಯಿಂದ ಕೈಬಿಟ್ಟ ಏಳು ವರ್ಷಕ್ಕೆ ಪರೀಕ್ಷೆಯಲ್ಲಿ ತಾಸಿಗೆ 20 ನಿಮಿಷದ ಪರಿಹಾರ!

ತಾಲೂಕಿನ ಕ್ಯಾಂಪುಗಳಲ್ಲಿ ಗಾಲಿಕುರ್ಚಿ, ಕಿವಿಯ ಯಂತ್ರ ಹಂಚುತ್ತಾರೆ. ಕೊಡಲಿ, ಬೇಕಾದವು. ಆದರೆ ಓದಲು ತೊಡಕಿರುವ ಹುಡುಗನ ಕೈಗೆ ಏನು ಕೊಟ್ಟು ಸಾಹೇಬರು ಫೋಟೋ ತೆಗೆಸಿಕೊಳ್ಳಬೇಕು?

ಹುಡುಗನೂ ಸುಲಭಕ್ಕೆ ಸಿಕ್ಕಿಬೀಳುವವನಲ್ಲ. ಬೋರ್ಡಿನ ಮೇಲಿದ್ದದ್ದನ್ನು ದುಂಡಗೆ ಇಳಿಸುತ್ತಾನೆ, ಕೆಂಪು ಟಿಕ್ ಬೀಳುತ್ತದೆ, ತಪಾಸಣೆಗೆ ಬಂದವರು ನೋಟ್‌ಬುಕ್ ನೋಡಿ ಖುಷಿಯಾಗುತ್ತಾರೆ. ಅದನ್ನೇ ಓದು ಅಂದರೆ ಬಾಯಿ ಕಟ್ಟುತ್ತದೆ. ಇಂಥ ಮಕ್ಕಳ ಪತ್ತೆಗೆಂದು ಗೋಡೆಗೆ ಹಚ್ಚಿದ ಪೋಸ್ಟರು ಇಂಗ್ಲಿಷಿನ ‘ಬಿ’, ‘ಡಿ’ ಅದಲುಬದಲನ್ನು ಹುಡುಕು ಅನ್ನುತ್ತದೆ. ಇವನೋ ‘ಪ’ಕ್ಕೆ ‘ಷ’ ಅನ್ನುತ್ತಾನೆ, ‘ಘ’ಕ್ಕೆ ‘ಫ’ ಬರೆಯುತ್ತಾನೆ, ‘ಹಳ್ಳಿ’ಯ ಒತ್ತು ನುಂಗಿ ‘ಹಳಿ’ ಮಾಡುತ್ತಾನೆ. ಪೋಸ್ಟರಿನ ಪ್ರಕಾರ ಗಟ್ಟಿ ಹುಡುಗ.

ಪ್ರಾಥಮಿಕದಲ್ಲಿ ಇಂಥ ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕೆಂದು, ಸುಪ್ರೀಂ ಕೋರ್ಟು 2021ರಲ್ಲಿ ಸೂಚಿಸಿದ ಮೇಲೆ, ಕೇಂದ್ರ ಸರಕಾರ 2022ರಲ್ಲಿ ಹೇಳಿತು. ಹತ್ತು ಮಕ್ಕಳು ಸಿಕ್ಕರಲ್ಲವೇ ಆ ಮಾತು? ಪತ್ತೆ ಹಚ್ಚದಿದ್ದರೆ ಹುದ್ದೆಯೂ ಬೇಡ, ಪಗಾರವೂ ಬೇಡ. ಇಷ್ಟು ಅಚ್ಚುಕಟ್ಟಾದ ಉಳಿತಾಯ ಯೋಜನೆ ಹಣಕಾಸು ಇಲಾಖೆಗೂ ಹೊಳೆದಿರಲಿಕ್ಕಿಲ್ಲ.

ಆ ಶಿಕ್ಷಕ ಬರುವವರೆಗೆ ಮಾಡಬಹುದಾದ್ದು ಬಹಳ ಇದೆ. ಮೊದಲು ಕಣ್ಣು, ಕಿವಿ ತೋರಿಸಿ. ಪ್ರಶ್ನೆಯನ್ನು ಓದಿ ಹೇಳಿ, ಉತ್ತರ ಬಾಯಿಂದ ಕೇಳಿ. ಬಾಯಲ್ಲಿ ಸರಿ, ಹಾಳೆಯಲ್ಲಿ ತಪ್ಪು ಎಂದು ಮತ್ತೆ ಮತ್ತೆ ಆದರೆ ವೈದ್ಯರ ತಪಾಸಣೆಗೆ ಬರೆದು ಕಳಿಸಿ. ಬೋರ್ಡಿನಿಂದ ನಕಲು ಕಡಿಮೆ ಮಾಡಿ. ದಿನಕ್ಕೆ ಹತ್ತು ನಿಮಿಷ ಎರಡೇ ಒತ್ತಕ್ಷರ, ಮರಳಿನಲ್ಲಿ ಬೆರಳಾಡಿಸಿ, ಉಚ್ಚರಿಸುತ್ತ. ಖರ್ಚು ಸೊನ್ನೆ. ತೊಡಕು ಅಲ್ಲೇ ಇರುವುದು: ಟೆಂಡರ್ ಕರೆಯಲು ಬಾರದ ಕೆಲಸವನ್ನು ಯಾವ ಲೆಕ್ಕಶೀರ್ಷಿಕೆಯಲ್ಲಿ ತೋರಿಸುವುದು?